ಹಾಲವಾಣದ ಮುಳ್ಳು

ನೀವು ಮೂವರು ಮೊಮ್ಮಕ್ಕಳೂ ಅಮ್ಮ ಎಂದು ಕರೆಯುವ ನನಗೆ ಈ ದೀಪಾವಳಿ ಸೂಟಿಯಲ್ಲಿ ನಿಮ್ಮೊಳಗಿನ ದೊಡ್ಡವಳು ಒಂದು ಪ್ರಶ್ನೆ ಕೇಳಿದಳು. ಒಲೆಯ ಮೇಲೆ ಹಾಲು ಇಟ್ಟಿದ್ದೇನೆ ಎಂದು ಹೇಳಿ ಎದ್ದು ಒಳಗೆ ಹೋದೆ. ಒಲೆಯ ಮೇಲೆ ಹಾಲು ಇರಲಿಲ್ಲ. ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು ಸ್ವಲ್ಪ ಹೊತ್ತು ನಿಂತೆ. ಹೊರಗೆ ಬಂದಾಗ ಅವಳು ಪುಸ್ತಕ ತಿರುವಿ ಬೇರೆ ಪಾಠ ತೆಗೆದಿದ್ದಳು.

ಸೂಟಿ ಮುಗಿದು ಅವಳು ಹಿರೇಕೆರೂರಿಗೆ, ತನ್ನ ಅವ್ವನ ಮನೆಗೆ, ಹೋಗಿ ಹನ್ನೆರಡು ದಿನವಾಯಿತು. ಆ ಪ್ರಶ್ನೆ ಮಾತ್ರ ಇಲ್ಲೇ ಪಡಸಾಲೆಯಲ್ಲಿ ಕೂತಿದೆ. ಬಾಯಿಂದ ಹೇಳಲು ನನ್ನಿಂದ ಆಗುವುದಿಲ್ಲ. ಅಕ್ಕಿಆಲೂರಿನ ಹತ್ತಿರದ ನನ್ನ ತವರು ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ್ದೇನೆ, ಅಕ್ಷರ ಗುಂಡಾಗಿವೆ. ಅದಕ್ಕೇ ಬರೆಯುತ್ತಿದ್ದೇನೆ. ಮೂವರೂ ಓದಿ. ಒಬ್ಬಳಿಗೇ ಹೇಳಿದರೆ ಅವಳೊಬ್ಬಳೇ ಹೊರಬೇಕಾಗುತ್ತದೆ.

ಪ್ರಶ್ನೆ ಹೇಗೆ ಬಂತು ಎಂಬುದನ್ನು ಮೊದಲು ಹೇಳುತ್ತೇನೆ. ಅವಳು ನರ್ಸಿಂಗ್ ಎರಡನೆಯ ವರ್ಷ ಓದುತ್ತಿದ್ದಾಳೆ. ಓದಿದ್ದನ್ನು ಯಾರಿಗಾದರೂ ಹೇಳಿಕೊಟ್ಟರೆ ಮಾತ್ರ ತಲೆಯಲ್ಲಿ ನಿಲ್ಲುತ್ತದೆ ಎಂದು ಅವಳ ನಂಬಿಕೆ. ಇಲ್ಲಿ ಸವಣೂರಿನ ಮನೆಗೆ ಬಂದಾಗಲೆಲ್ಲ ಒಬ್ಬೊಬ್ಬರನ್ನು ಹಿಡಿದು ಕೂರಿಸುತ್ತಾಳೆ. ನಿಮ್ಮ ಮಾಮ ಕೆಲಸದ ನೆವ ಹೇಳಿ ತಪ್ಪಿಸಿಕೊಂಡ. ಉಳಿದ ನೀವಿಬ್ಬರೂ ಅಂಗಳಕ್ಕೆ ಓಡಿದಿರಿ. ನಾನು ಶೇಂಗಾ ಸುಲಿಯುತ್ತ ಕೂತಿದ್ದೆ, ಸಿಕ್ಕಿಬಿದ್ದೆ.

"ಶೇಂಗಾ ಮುಗಿಯೋತನ ನೀ ನನ್ನ ಕ್ಲಾಸಿನ್ಯಾಗ ಕುಂದ್ರಬೇಕು ನೋಡಮ್ಮ. ನಡುವ ತೂಕಡಿಸಿದ್ರ ಹೊರಗ ನಿಲ್ಲಸ್ತೇನಿ," ಎಂದಳು.

ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಒಂದು ಚಿತ್ರ ಬರೆದು ಏನಿದು ಹೇಳು ಎಂದಳು. ಸವರಿದ ಹಾಲವಾಣದ ಗಿಡದ ಹಾಗೆ ಕಾಣುತ್ತದೆ ಎಂದೆ. ವೀಳ್ಯದೆಲೆಯ ಬಳ್ಳಿ ಹಬ್ಬಿಸಲು ತೋಟದಲ್ಲಿ ಹಾಲವಾಣ ನೆಟ್ಟಿರುತ್ತಾರೆ. ಬಿಸಿಲು ಬೇಕಾದಾಗ ಟೊಂಗೆ ಸವರಿಬಿಡುತ್ತಾರೆ. ಆಗ ಉಳಿದ ಮೋಟು ಟೊಂಗೆಗಳು ಸುತ್ತಲೂ ಕೈ ಚಾಚಿಕೊಂಡು ನಿಲ್ಲುತ್ತವೆ. ಅವಳು ಪೆನ್ಸಿಲ್ಲು ಕೆಳಗಿಟ್ಟು ನನ್ನ ಮುಖ ನೋಡಿದಳು. ಇದಕ್ಕೆ ಡೆಂಡ್ರಿಟಿಕ್ ಸೆಲ್ ಎನ್ನುತ್ತಾರಂತೆ. ಗಿಡದ ಹಾಗೆ ಟೊಂಗೆ ಇರುವ ಜೀವಕೋಶ ಎಂದೇ ಆ ಹೆಸರಿನ ಅರ್ಥವಂತೆ.

"ನಮ್ಮ ಕ್ಲಾಸಿನ್ಯಾಗ ಒಬ್ಬರೂ ಹೇಳ್ಲಿಲ್ಲ, ನೀ ನೋಡಿದ ಕೂಡ್ಲೆ ಹೇಳಿಬಿಟ್ಟಿ," ಎಂದು ಸಂತೋಷಪಟ್ಟಳು.

ಅವಳು ಹೇಳಿಕೊಟ್ಟದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ತಪ್ಪಿದ್ದರೆ ಅವಳೇ ತಿದ್ದಲಿ. ಈ ಟೊಂಗೆಯ ಕೋಶಗಳು ನಮ್ಮ ಚರ್ಮದೊಳಗೆ ಅಲ್ಲಲ್ಲಿ ಕೈ ಚಾಚಿ ಕೂತಿರುತ್ತವೆ. ಚರ್ಮ ಹರಿದು ಬ್ಯಾಕ್ಟೀರಿಯಾ ಒಳಗೆ ಬಂದರೆ ಮುಟ್ಟಿ ನೋಡಿಯೇ ತಿಳಿಯುತ್ತವೆ. ನಮ್ಮ ಮೈಯ ಯಾವ ಕೋಶಕ್ಕೂ ಇಲ್ಲದ ಗುರುತುಗಳು ಬ್ಯಾಕ್ಟೀರಿಯಾದ ಮೈಮೇಲೆ ಇರುತ್ತವಂತೆ. ತಿಳಿದ ಕೂಡಲೆ ಅದನ್ನು ನುಂಗಿ, ಒಳಗೆ ಚೂರು ಚೂರು ಮಾಡಿ, ಒಂದು ಚೂರನ್ನು ತನ್ನ ಮೈ ಹೊರಗೆ ಹಿಡಿದುಕೊಳ್ಳುತ್ತದೆ. ಅಲ್ಲಿಯವರೆಗೆ ಕೂತ ಜಾಗ ಬಿಡದ ಕೋಶ ಆಗ ಎದ್ದು ಹೊರಡುತ್ತದೆ. ಮೈಯೊಳಗೆ ನೀರಿನಂಥದ್ದು ಹರಿಯುವ ಸಣ್ಣ ಸಣ್ಣ ಕಾಲುವೆಗಳಿವೆಯಂತೆ. ಅವುಗಳೊಳಗೆ ಇಳಿದು ಹತ್ತಿರದ ಗಂಟಿಗೆ ಹೋಗುತ್ತದೆ. ಕೈಯಿಂದ ಹೊರಟರೆ ಕಂಕುಳಿಗೆ, ಕಾಲಿನಿಂದ ಹೊರಟರೆ ತೊಡೆಸಂದಿಗೆ.

ಆ ಗಂಟಿನೊಳಗೆ ಕಾಯುವ ಕೋಶಗಳು ಲೆಕ್ಕವಿಲ್ಲದಷ್ಟು ಸೇರಿರುತ್ತವೆ. ಒಂದೊಂದಕ್ಕೂ ಗೊತ್ತಿರುವುದು ಒಂದೇ ಥರದ ಚೂರು. ಟೊಂಗೆಯ ಕೋಶ ತನ್ನ ಚೂರನ್ನು ಎಲ್ಲರಿಗೂ ತೋರಿಸುತ್ತ ಹೋಗುತ್ತದೆ. ಅವಳು ಹಾಗೆ ಹೇಳುವಾಗ ನನಗೆ ಸವಣೂರಿನ ಎಲೆ ಪೇಟೆಯಲ್ಲಿ ನಿಮ್ಮ ಅಜ್ಜ ನಿಂತದ್ದು ಕಂಡಿತು. ಅವರು ಕಟ್ಟು ಬಿಚ್ಚುತ್ತಿರಲಿಲ್ಲ. ನಡುವಿನಿಂದ ಒಂದೇ ಎಲೆ ಎಳೆದು, ತೊಟ್ಟು ಹಿಡಿದು, ಒಬ್ಬೊಬ್ಬರ ಮುಂದೆ ಒಯ್ಯುತ್ತಿದ್ದರು. ಎಲೆ ಬಲ್ಲವನು ನಿಂತು ನೋಡುತ್ತಿದ್ದ, ಉಳಿದವರು ದಾಟಿ ಹೋಗುತ್ತಿದ್ದರು.

ಆದರೆ ತೋರಿಸಿದರಷ್ಟೇ ಸಾಲದಂತೆ. ತೋರಿಸುವಾಗಲೇ ಇನ್ನೊಂದು ಕೈಯಿಂದ ತಟ್ಟಿ, ಇದು ಅಪಾಯದ್ದು, ಏಳು ಎಂದು ತಿಳಿಸಬೇಕಂತೆ. ಬರೀ ತೋರಿಸಿ ಸುಮ್ಮನೆ ನಿಂತರೆ ಆ ಕಾಯುವ ಕೋಶ ಎಚ್ಚರವಾಗುವುದಿರಲಿ, ಮಂಕಾಗಿ ಮಲಗಿಬಿಡುತ್ತದೆ. ಆಮೇಲೆ ಅದೇ ಚೂರು ಮತ್ತೆ ಕಂಡರೂ ಏಳುವುದಿಲ್ಲ. ಈ ಮಾತನ್ನು ಅವಳಿಂದ ಎರಡು ಸಲ ಹೇಳಿಸಿದೆ. ನನಗೆ ತಿಳಿಯಲಿಲ್ಲ ಎಂದುಕೊಂಡು ಅವಳು ಮತ್ತೆ ಹೇಳಿದಳು. ನನಗೆ ಮೊದಲ ಸಲವೇ ತಿಳಿದಿತ್ತು.

ತಟ್ಟಿ ಎಬ್ಬಿಸಿದ ಕೋಶ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತ ಹೋಗುತ್ತದೆ. ಅದಕ್ಕೆ ಕೆಲವು ದಿನ ಬೇಕು. ಬೆಳೆದವರು ದಂಡು ಕಟ್ಟಿಕೊಂಡು ಗಾಯದ ಕಡೆಗೆ ಹೊರಡುತ್ತಾರೆ. ಅಷ್ಟು ಮಂದಿ ಕೂಡುವುದರಿಂದಲೇ ಗಂಟು ಬಾಯುತ್ತದೆ. ಹಾಗಾದರೆ ಗಂಟು ರೋಗವಲ್ಲವೇ ಎಂದು ಕೇಳಿದೆ. ಅಲ್ಲ, ಕೆಳಗಿನಿಂದ ಸುದ್ದಿ ಬಂದು ಮುಟ್ಟಿದೆ ಎಂಬುದರ ಗುರುತು ಎಂದಳು.

ಹೇಳುತ್ತಿದ್ದವಳು ಅಲ್ಲಿಗೆ ನಿಂತಳು. ನಿಮ್ಮ ಅಜ್ಜ ತೀರಿಕೊಂಡಾಗ ಅವಳಿಗೆ ಹತ್ತು ವರ್ಷ. ಮನೆಯಲ್ಲಿ ಎಲ್ಲರೂ ಹೇಳುವುದನ್ನು ಅವಳೂ ಕೇಳಿಯೇ ಬೆಳೆದಿದ್ದಾಳೆ. ಅಜ್ಜನಿಗೆ ತೊಡೆಸಂದಿಯಲ್ಲಿ ಗಂಟು ಎದ್ದಿತ್ತು, ಭಾರ ಎತ್ತಿ ಎದ್ದ ಗಂಟು, ಅದು ವಿಷವಾಯಿತು, ಸಕ್ಕರೆ ರೋಗ ಬೇರೆ ಇತ್ತು.

"ಅಮ್ಮ, ಭಾರ ಎತ್ತಿದ್ರ ಅಂಥಾ ಗಂಟ ಏಳಂಗಿಲ್ಲ. ಅಜ್ಜಗ ಕಾಲಿಗೆ ಏನರ ಆಗಿರಬೇಕು. ಏನ ಚುಚ್ಚಿತ್ತು?"

ಆಗಲೇ ನಾನು ಹಾಲು ನೋಡಲು ಎದ್ದು ಹೋದದ್ದು.

ಎಲೆತೋಟ ಹೇಗಿರುತ್ತದೆ ಎಂದು ನಿಮ್ಮಲ್ಲಿ ಸಣ್ಣವರಿಗೆ ಗೊತ್ತಿಲ್ಲ. ನೀವು ತಿಳಿವಳಿಕೆಗೆ ಬರುವುದರೊಳಗೆ ನಮ್ಮ ಪಾಲಿನ ತೋಟ ಹೋಗಿತ್ತು. ಒಳಗೆ ಹೋದರೆ ನಡುಹಗಲಲ್ಲೂ ತಂಪು. ಮುಟ್ಟಿದಲ್ಲೆಲ್ಲ ಹಸಿ. ಬಳ್ಳಿ ಮೈತುಂಬ ಹಬ್ಬಿ ಹಾಲವಾಣ, ನುಗ್ಗೆ, ಚೊಗಚೆ ಯಾವುದು ಯಾವುದೆಂದು ಕಾಣುವುದಿಲ್ಲ. ತೋಟದ ಬಾಯಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹೋಗಬೇಕು. ಬಳ್ಳಿ ಎಂದರೆ ದೇವರು ಎಂದು ನಮ್ಮ ಅತ್ತೆಯವರು ಹೇಳುತ್ತಿದ್ದರು. ಇನ್ನೊಂದು ಕಟ್ಟಳೆ ಇತ್ತು. ಮುಟ್ಟಾದ ಹೆಂಗಸರು ತೋಟದೊಳಗೆ ಕಾಲಿಡಬಾರದು. ನಮ್ಮ ಮನೆಯಲ್ಲಿ ಲಿಂಗ ಕಟ್ಟಿಕೊಂಡವರಿಗೆ ಮೈಲಿಗೆ ಇಲ್ಲ ಎಂದು ಆ ದಿನಗಳಲ್ಲೂ ಅಡುಗೆ ಮಾಡುತ್ತಿದ್ದೆವು, ಪೂಜೆಯೂ ನಡೆಯುತ್ತಿತ್ತು. ಎಲೆತೋಟಕ್ಕೆ ಮಾತ್ರ ಆ ರಿಯಾಯಿತಿ ಇರಲಿಲ್ಲ. ಬಳ್ಳಿಗೆ ಕೊಳೆ ಬಿದ್ದರೆ ಮೊದಲು ಹುಡುಕುತ್ತಿದ್ದುದು ನೀರು ಎಲ್ಲಿ ನಿಂತಿದೆ ಎಂದಲ್ಲ, ಯಾವ ಹೆಂಗಸು ಹೋಗಿದ್ದಳು ಎಂದು.

ನನಗೆ ಐವತ್ತಾಗಿತ್ತು. ನಾಲ್ಕು ತಿಂಗಳಿನಿಂದ ಮುಟ್ಟು ನಿಂತಿತ್ತು. ಇಂಥ ವಿಷಯದಲ್ಲಿ ಅತ್ತೆಯವರ ಕಣ್ಣು ಚುರುಕು. "ಇನ್ನ ನಿನಗ ದಿನಾ ತೋಟದ ಹಾದಿ ಬಿಚ್ಚಿತು. ಕಾಲ ಸವೆಯೋತನ ತಿರುಗು," ಎಂದು ನಗಾಡಿದರು. ನನಗೂ ಖುಷಿಯಾಗಿತ್ತು. ಎಲೆ ಕೊಯ್ಯುವ ಕೆಲಸ ನನಗೆ ಇಷ್ಟ. ಮಾತಾಡಬೇಕಾಗಿಲ್ಲ. ನಿಮ್ಮ ಅಜ್ಜ ಒಂದು ಸಾಲಿನಲ್ಲಿ, ನಾನು ಇನ್ನೊಂದು ಸಾಲಿನಲ್ಲಿ. ನಡುವೆ ಬಳ್ಳಿಯ ಪರದೆ, ಆಚೆಯಿಂದ ಅವರ ಮಾತು. ನಾನು ಬರೀ ಹೂಂ ಎನ್ನುವುದನ್ನು ಕೇಳಿ ಅವರು ಚೇಷ್ಟೆ ಮಾಡುತ್ತಿದ್ದರು. "ನಿನ್ನ ಬಾಯಿಗೆ ಕೀಲಿ ಹಾಕಿ ಕಳಿಸ್ಯಾರ. ಚಾವಿ ಮಾತ್ರ ನಿಮ್ಮವ್ವ ಅಕ್ಕಿಆಲೂರಾಗ ಇಟ್ಕೊಂಡಾಳ." ಮದುವೆಯಾದ ವರ್ಷದಿಂದ ಅದೇ ಮಾತು. ನಾನು ಆಗಲೂ ಹೂಂ ಎನ್ನುತ್ತಿದ್ದೆ.

ಆ ವರ್ಷ ಮಳೆ ಬಿಡಲೇ ಇಲ್ಲ. ನಮ್ಮ ಭಾವನವರ, ಎಂದರೆ ನಿಮ್ಮ ಅಜ್ಜನ ಅಣ್ಣನ, ಕಡೆಯ ನಾಲ್ಕು ಸಾಲಿಗೆ ಕೊಳೆ ಬಿದ್ದಿತು. ಎಲೆ ಕಪ್ಪಾಗಿ, ಬಳ್ಳಿ ಬುಡದಲ್ಲೇ ಮೆತ್ತಗಾಗಿ ಕಳಚಿ ಬೀಳುತ್ತಿತ್ತು. ಮನೆಯಲ್ಲಿ ಯಾರು, ಯಾರು ಎಂಬ ಮಾತು ಶುರುವಾಗಿತ್ತು. ಕೂಲಿಗೆ ಬಂದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಿದರು. ಅದರಲ್ಲೊಬ್ಬಳು ಅಳುತ್ತ ಹೋದದ್ದನ್ನು ನಾನು ಕಂಡಿದ್ದೆ.

ಅಂಥ ದಿನಗಳಲ್ಲೇ ಒಂದು ಬೆಳಗ್ಗೆ, ತೋಟದ ಕೆಳಗಿನ ಮೂಲೆಯಲ್ಲಿ ಎಲೆ ಕೊಯ್ಯುವಾಗ, ನನಗೆ ಮುಟ್ಟು ಬಂತು. ನಾಲ್ಕು ತಿಂಗಳ ಮೇಲೆ, ಹೇಳದೆ ಕೇಳದೆ, ಸೀರೆ ತೋಯುವಷ್ಟು. ತೋಟದ ಬಾಯಲ್ಲಿ ಭಾವನವರು ಆಳುಗಳ ಜೊತೆ ಕೂತು ಎಲೆ ಕಟ್ಟುತ್ತಿದ್ದರು. ಅವರ ಮುಂದೆ ಹಾಯ್ದು ಹೋಗುವುದು ಸಾಧ್ಯವಿರಲಿಲ್ಲ. ಕಾಲುವೆಯ ಹತ್ತಿರ ಹಾಲವಾಣದ ಟೊಂಗೆ ಸವರಿ ಒಟ್ಟಿದ್ದರು. ಆ ಒಟ್ಟಿಲಿನ ಹಿಂದೆ ಕುಕ್ಕುರುಗಾಲಲ್ಲಿ ಕೂತೆ. ಮೆಲ್ಲಗೆ ನಿಮ್ಮ ಅಜ್ಜನನ್ನು ಕರೆದೆ.

ನಾನು ಕರೆಯುವುದೇ ಅಪರೂಪ. ಅವರು ಗಾಬರಿಯಾಗಿ ಬಳಸುದಾರಿ ಬಿಟ್ಟು ಒಟ್ಟಿಲನ್ನು ತುಳಿದುಕೊಂಡೇ ಬಂದರು. ಬಂದವರಿಗೆ ಹೇಳಬೇಕಾಗಲಿಲ್ಲ, ನೋಡಿ ತಿಳಿದರು. ಹೆಗಲ ಮೇಲಿನ ಟವೆಲ್ಲು ತೆಗೆದು ಕೊಟ್ಟು ಬೆನ್ನು ತಿರುಗಿಸಿ ನಿಂತರು. ಬೇಲಿಯ ಕಂಡಿಯಿಂದ ನನ್ನನ್ನು ಹೊರಗೆ ಹಾಯಿಸಲು ಮತ್ತೆ ಅದೇ ಒಟ್ಟಿಲಿನ ಮೇಲೆ ಕಾಲಿಟ್ಟರು. ಆಗ ಬಾಯಿಂದ ಹಾ ಎಂದು ಸಣ್ಣಗೆ ಉಸಿರು ಬಂತು. ಹಾಲವಾಣದ ಮೈತುಂಬ ಮುಳ್ಳು. ಹಸಿ ಇದ್ದಾಗ ಅಷ್ಟು ಚುಚ್ಚುವುದಿಲ್ಲ, ಒಣಗಿದರೆ ಮೊಳೆಯ ಹಾಗೆ. ಕಾಲೆತ್ತಿ ಟೊಂಗೆ ಬಿಡಿಸಿ ಎಸೆದರು. ನಡಿ ನಡಿ ಎಂದು ನನ್ನನ್ನೇ ಮುಂದೆ ದೂಡಿದರು.

ದಾರಿಯಲ್ಲಿ ನಾನು ಅವರನ್ನು ಬೇಡಿಕೊಂಡೆ. ತೋಟದ ಮಾತು ಯಾರ ಮುಂದೆಯೂ ಎತ್ತಬ್ಯಾಡ್ರಿ, ಕೊಳೆ ಬಿದ್ದದ್ದು ನನ್ನಿಂದಲೇ ಅನ್ನುತ್ತಾರೆ ಎಂದೆ. ನಾನಾಗಿ ಅಷ್ಟು ಮಾತಾಡಿದ್ದನ್ನು ಕೇಳಿ ಅವರು ನಿಂತರು. "ಆತು, ಎತ್ತಂಗಿಲ್ಲ. ನನ್ನ ಬಾಯಿಗೂ ನಿನ್ನ ಕೀಲಿನ ಹಾಕಿಬಿಡು," ಎಂದರು.

ಮನೆಯಲ್ಲಿ ಹಿತ್ತಲ ಕಲ್ಲಿನ ಮೇಲೆ ಅವರ ಕಾಲು ತೊಡೆಯ ಮೇಲಿಟ್ಟುಕೊಂಡು ಪಿನ್ನಿನಿಂದ ಮುಳ್ಳು ತೆಗೆದೆ. ಅಂಗೈಯಲ್ಲಿಟ್ಟು ನೋಡಿದೆ. ಮುಳ್ಳಿಗೆ ತುದಿ ಇರಲಿಲ್ಲ. ಮತ್ತೆ ಕೆದಕಿದೆ, ಸಿಗಲಿಲ್ಲ. ನೋವಾಗುತ್ತದೆಯೇ ಎಂದರೆ ಅಂಥದ್ದೇನಿಲ್ಲ ಎಂದರು. ಅವರ ಅಂಗಾಲು ವರ್ಷದಿಂದ ಜೋಮು ಹಿಡಿದಿತ್ತು. ಅದು ಸಕ್ಕರೆಯಿಂದ ಎಂದು ಕೊನೆಗೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ರಕ್ತ ನೋಡುವವರೆಗೆ ನಮಗಾರಿಗೂ ಗೊತ್ತಿರಲಿಲ್ಲ. ಎಲೆಗೆ ಹರಳೆಣ್ಣೆ ಸವರಿ, ಬಿಸಿ ಮಾಡಿ ಕಟ್ಟಿದೆ. ಮರುದಿನ ತೂತು ಮುಚ್ಚಿಕೊಂಡಿತು. ಅವರು ಎಂದಿನಂತೆ ತೋಟಕ್ಕೆ ಹೋದರು.

ಆ ಸಂಜೆ ಭಾವನವರು ಊಟಕ್ಕೆ ಕೂತಾಗ ಒಂದು ಮಾತು ಕೇಳಿದರು. ಕೆಳಗಿನ ಮೂಲೆಯ ಒಟ್ಟಿಲನ್ನು ಯಾರೋ ತುಳಿದು ಕೆದರಿದ್ದಾರೆ, ಬೇಲಿಯ ಕಂಡಿ ಅಗಲವಾಗಿದೆ, ಯಾರು ಹೋಗಿದ್ದರು ಅಲ್ಲಿಗೆ? ನಿಮ್ಮ ಅಜ್ಜ ತಟ್ಟೆ ನೋಡುತ್ತ, "ನಾ ಅಂತೂ ಆ ಕಡೆ ಹೋಗಿಲ್ಲಪ್ಪ," ಎಂದರು. ಅವರು ಅಣ್ಣನಿಗೆ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನೀವು ಕೇಳಬಹುದು, ಮುಳ್ಳು ಬೇರೆ ಎಲ್ಲೋ ಚುಚ್ಚಿತು ಎನ್ನಬಹುದಿತ್ತಲ್ಲ ಎಂದು. ನಾನೂ ಹನ್ನೊಂದು ವರ್ಷ ಅದನ್ನೇ ಕೇಳಿಕೊಂಡಿದ್ದೇನೆ. ಆ ಮಾತು ಆಡಿದ ಮೇಲೆ ಹಾಲವಾಣದ ಮುಳ್ಳಿನ ಹೆಸರು ಎತ್ತಿದರೆ ಒಟ್ಟಿಲು ನೆನಪಾಗುತ್ತದೆ, ಒಟ್ಟಿಲಿನಿಂದ ಕಂಡಿ, ಕಂಡಿಯಿಂದ ನಾನು. ಇಲ್ಲ ಎಂದು ಒಂದು ಸಲ ಹೇಳಿದವರು ಅದನ್ನೇ ಹಿಡಿದುಕೊಂಡರು.

ಮೂರನೆಯ ದಿನ ಅವರು ನಡೆಯುವುದನ್ನು ನೋಡಿ ಏನೋ ಆಗಿದೆ ಎಂದು ತಿಳಿಯಿತು. ಎಡ ತೊಡೆಸಂದಿಯಲ್ಲಿ ಗಂಟು ಎದ್ದಿತ್ತು, ಅಡಿಕೆಯಷ್ಟು. ಮೈ ಬೆಚ್ಚಗಿತ್ತು. ಎರಡು ದಿನದ ಹಿಂದೆ ಗೊಬ್ಬರದ ಚೀಲ ಎತ್ತಿದ್ದನಲ್ಲ, ಉಳುಕಿ ಗಂಟಾಗಿದೆ ಎಂದು ಅತ್ತೆಯವರು ತೀರ್ಮಾನ ಮಾಡಿದರು. ಹುಲಗೂರಿನ ಆಚೆ ಒಂದು ಹಳ್ಳಿಯಲ್ಲಿ ಗಂಟು ಇಳಿಸುವ ಮುದುಕರೊಬ್ಬರಿದ್ದರು. ಒಲೆಯ ಬೂದಿ ಹಚ್ಚಿ ಹೆಬ್ಬೆರಳಿನಿಂದ ಮೇಲಿನಿಂದ ಕೆಳಕ್ಕೆ ಒತ್ತುತ್ತಿದ್ದರು. ಭಾವನವರ ಜೊತೆ ನಾವು ಅಲ್ಲಿಗೆ ಹೋದೆವು.

ಮುದುಕರು ಗಂಟನ್ನು ಮುಟ್ಟಿ ನೋಡಿ ಕೈ ತೆಗೆದುಬಿಟ್ಟರು. ಬೂದಿ ಹಚ್ಚಲಿಲ್ಲ. "ಕಾಲಿಗೆ ಏನರ ಚುಚ್ಚೇತೇನಪ್ಪ?" ಎಂದು ಕೇಳಿದರು. ಯಾವ ಪುಸ್ತಕವನ್ನೂ ಓದದ ಮನುಷ್ಯರು. ನನ್ನ ಮೊಮ್ಮಗಳು ಕೇಳಿದ್ದನ್ನೇ ಅವರು ಅಂದು ಕೇಳಿದರು. ನಿಮ್ಮ ಅಜ್ಜ ನನ್ನ ಕಡೆ ನೋಡಲೂ ಇಲ್ಲ. ಇಲ್ಲ ಎಂದರು. ಹಾಗಾದರೆ ಉಳುಕೇ ಇರಬೇಕು ಎಂದು ಮುದುಕರು ಬೂದಿಗೆ ಕೈ ಹಾಕಿದರು. ಒತ್ತುವಾಗ ನಿಮ್ಮ ಅಜ್ಜ ಹಲ್ಲು ಕಚ್ಚಿ ಮಾಡಿನ ಜಂತಿ ನೋಡುತ್ತಿದ್ದರು.

ಎರಡು ದಿನ ಬಿಟ್ಟು ಶಿಗ್ಗಾವಿಗೆ ಡಾಕ್ಟರ ಹತ್ತಿರ ಹೋದೆವು. ಅಷ್ಟರೊಳಗೆ ಜ್ವರ ಏರಿತ್ತು. ಭಾವನವರೂ ಅತ್ತೆಯವರೂ ಜೊತೆಗೆ ಬಂದಿದ್ದರು. ಸಣ್ಣ ಕೋಣೆ, ಡಾಕ್ಟರ ಮೇಜು, ಒಂದು ಮಂಚ, ನಾವು ನಾಲ್ವರು. ಡಾಕ್ಟರು ಒಳ್ಳೆಯವರು, ಅವಸರ ಮಾಡಲಿಲ್ಲ. ಕಾಲು ನೋಡಿದರು, ಅಂಗಾಲನ್ನೂ ತಿರುವಿ ನೋಡಿದರು. ಬರಿಗಾಲಲ್ಲಿ ಮಣ್ಣು ತುಳಿದು ಸೀಳು ಸೀಳಾದ ಅಂಗಾಲು. ಮುಚ್ಚಿಹೋದ ಒಂದು ತೂತು ಅದರಲ್ಲಿ ಕಾಣುವಂಥದ್ದಲ್ಲ.

"ಯಜಮಾನ್ರ, ಸರಿಯಾಗಿ ನೆನಪ ಮಾಡ್ಕೊಳ್ರಿ. ಮುಳ್ಳು, ಮೊಳಿ, ಗಾಜು, ಏನರ ಚುಚ್ಚಿತ್ತೇನು?"

ಆಗ ನಿಮ್ಮ ಅಜ್ಜ ನನ್ನ ಕಡೆ ನೋಡಿದರು. ಈ ಒಂದು ನೋಟವನ್ನು ಬರೆಯಲೆಂದೇ ನಾನು ಇಷ್ಟೆಲ್ಲ ಬರೆದದ್ದು. ಬೈಯುವ ನೋಟವಲ್ಲ, ಬೇಡುವ ನೋಟವೂ ಅಲ್ಲ. ಹೇಳಲೇ ಎಂದು ಕೇಳಿದರು, ಅಷ್ಟೇ. ಅವರು ಮಾತು ಕೊಟ್ಟಿದ್ದರು, ಬಿಡಿಸಬೇಕಾದವಳು ನಾನು. ತಲೆ ಆಡಿಸಿದ್ದರೂ ಸಾಕಿತ್ತು. ಪಕ್ಕದಲ್ಲಿ ಅತ್ತೆ, ಬಾಗಿಲಲ್ಲಿ ಭಾವ, ಎದುರಿಗೆ ಪರ ಗಂಡಸು. ಮುಳ್ಳು ಎಂದರೆ ಎಲ್ಲಿ ಎನ್ನುತ್ತಾರೆ, ಎಲ್ಲಿ ಎಂದರೆ ಯಾಕೆ ಎನ್ನುತ್ತಾರೆ. ನಾನು ಮಂಚದ ಕಬ್ಬಿಣದ ಕಾಲು ನೋಡುತ್ತ ನಿಂತೆ. ಅದಕ್ಕೆ ಹಸಿರು ಬಣ್ಣ ಬಳಿದಿದ್ದರು, ಕೆಳಗೆ ತುಕ್ಕು ಹಿಡಿದಿತ್ತು.

"ಏನೂ ಇಲ್ರಿ ಸರ," ಎಂದರು ನಿಮ್ಮ ಅಜ್ಜ.

ಡಾಕ್ಟರು ಗುಳಿಗೆ ಕೊಟ್ಟರು. ರಕ್ತ ಪರೀಕ್ಷೆಗೆ ಬರೆದು ನಾಳೆಯೇ ಮಾಡಿಸಿ ತನ್ನಿ ಎಂದರು. ಗುಳಿಗೆಗೆ ಜ್ವರ ಇಳಿಯಿತು. ಇಳಿದ ಮೇಲೆ ಪರೀಕ್ಷೆ ಯಾಕೆ ಎಂದು ಮನೆಯಲ್ಲಿ ಸುಮ್ಮನಾದರು. ನಾನೂ ಸುಮ್ಮನಾದೆ. ಸುದ್ದಿ ಮುಟ್ಟಿಸಲು ಅವರ ಮೈಯೊಳಗಿನ ಕೋಶ ಎದ್ದು ಹೋಗಿತ್ತು. ಗಂಟು ಎಬ್ಬಿಸಿ ಹೊರಗಿನವರಿಗೂ ತೋರಿಸಿತ್ತು. ಅದನ್ನು ನೋಡಿ ಇದು ಅಪಾಯದ್ದು ಎಂದು ತಟ್ಟಿ ಹೇಳಬೇಕಾದ ಕೈ ನನ್ನದಾಗಿತ್ತು. ಸೆರಗಿನೊಳಗೆ ಮುದುಡಿಕೊಂಡಿತ್ತು.

ಇನ್ನೆರಡು ದಿನಕ್ಕೆ ಕಾಲು ಬಾತು ನೀಲಿಗಟ್ಟಿತು. ಅವರು ನನ್ನನ್ನು ಗುರುತಿಸಿದರೂ ಮಾತು ಹೊರಳುತ್ತಿರಲಿಲ್ಲ. ಗಾಡಿಯಲ್ಲಿ ಹುಬ್ಬಳ್ಳಿಗೆ ಒಯ್ದೆವು. ದಾರಿಯುದ್ದಕ್ಕೂ ಅವರ ತಲೆ ನನ್ನ ತೊಡೆಯ ಮೇಲಿತ್ತು. ಅಲ್ಲಿ ಅವರನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಾನು ಒಬ್ಬ ನರ್ಸಿನ ಹಿಂದೆ ಹಿಂದೆ ನಡೆದು, ಯಾರೂ ಇಲ್ಲದ ಮೂಲೆಯಲ್ಲಿ ಅವಳ ಕೈ ಹಿಡಿದು, ಕಾಲಲ್ಲಿ ಮುಳ್ಳು ಇದೆ ಎಂದೆ. ಅಪರಿಚಿತಳಿಗೆ ನಾನಾಗಿ ಹೇಳಿದ ಮೊದಲ ಮಾತು ಅದು. ಅವಳಿಗೆ ಈಗ ನಿಮ್ಮ ದೊಡ್ಡಕ್ಕನಿಗೆ ಇರುವಷ್ಟೇ ವಯಸ್ಸು. ಡಾಕ್ಟರಿಗೆ ಹೇಳುತ್ತೇನೆ ಎಂದು ಒಳಗೆ ಓಡಿದಳು. ತಿರುಗಿ ಬಂದವಳು ನನ್ನನ್ನು ಬೆಂಚಿನ ಮೇಲೆ ಕೂರಿಸಿ, "ಈಗ ಅದು ರಕ್ತದಾಗ ಹೋಗೇತಿ ಅವ್ವಾ," ಎಂದಳು. ಮರುದಿನ ಮಧ್ಯಾಹ್ನ ನಿಮ್ಮ ಅಜ್ಜ ತೀರಿಕೊಂಡರು.

ಊರಲ್ಲಿ ಎಲ್ಲರೂ ಗಂಟು ಎಂದರು, ಸಕ್ಕರೆ ಎಂದರು. ನಾನು ತಿದ್ದಲಿಲ್ಲ. ಮುಂದಿನ ವರ್ಷ ನಮ್ಮ ಸಾಲುಗಳಿಗೂ ಕೊಳೆ ಬಂತು. ಆಗ ಬಂದ ಕೃಷಿ ಇಲಾಖೆಯವರು ಕೆಳಗಿನ ಕಾಲುವೆ ಕಟ್ಟಿಕೊಂಡು ನೀರು ನಿಂತದ್ದರಿಂದಲೇ ಇದೆಲ್ಲ ಎಂದು ತೋರಿಸಿದರು. ಹಾರೆ ತಂದು ಅರ್ಧ ದಿನದಲ್ಲಿ ಬಿಡಿಸಬಹುದಾಗಿದ್ದ ಮಣ್ಣು. ನಾನು ಅದನ್ನು ನೋಡುತ್ತ ನಿಂತದ್ದು ನೆನಪಿದೆ. ಅಳು ಬರಲಿಲ್ಲ.

ಅತ್ತೆಯವರು ಹೋಗಿ ಆರು ವರ್ಷವಾಯಿತು. ಭಾವನವರಿಗೆ ಈಗ ಕಿವಿ ಕೇಳುವುದಿಲ್ಲ. ನಾನು ಹೆದರಬೇಕಾದವರು ಯಾರೂ ಉಳಿದಿಲ್ಲ. ಆದರೂ ಹೇಳಲಿಲ್ಲ. ಆಮೇಲೆ ಹೆದರುತ್ತಿದ್ದುದು ನಿಮಗೆ.

ದೀಪಾವಳಿಯಲ್ಲಿ, ಆ ಪಾಠ ಆದ ದಿನವೇ ಸಂಜೆ, ದೊಡ್ಡವಳ ತಲೆ ಬಾಚುತ್ತ ಸುತ್ತು ಬಳಸಿ ಕೇಳಿದೆ. ಸಕ್ಕರೆ ಇದ್ದವರ ಮೈಯಲ್ಲಿ ಈ ಟೊಂಗೆಯ ಕೋಶಗಳು ಹೇಗೆ ಎಂದೆ. ಅವುಗಳ ಕೆಲಸ ಮಂದವಾಗುತ್ತದೆ, ದಂಡು ಏಳುವುದು ತಡವಾಗುತ್ತದೆ, ಅಷ್ಟರಲ್ಲಿ ಬ್ಯಾಕ್ಟೀರಿಯಾ ಮುಂದೆ ಹೋಗಿರುತ್ತದೆ ಎಂದಳು. ನನಗೆ ಒಂದು ಗಳಿಗೆ ಹಗುರವಾಯಿತು. ಹಾಗಾದರೆ ಅಂಥವರು ಉಳಿಯುವುದೇ ಇಲ್ಲವೇ ಎಂದು ಕೇಳಿದೆ. ಬಾಚಣಿಗೆ ಅವಳ ಕೂದಲಲ್ಲೇ ನಿಂತಿತ್ತು. ಅವಳಿಗೆ ನನ್ನ ಮುಖ ಕಾಣುತ್ತಿರಲಿಲ್ಲ.

"ಯಾಕ ಉಳಿಯಂಗಿಲ್ಲ? ಲಗೂನ ಗೊತ್ತಾದ್ರ ಕೊಯ್ದು ಕೀವು ತಗೀತಾರ, ಇಂಜೆಕ್ಷನ್ ಕೊಡ್ತಾರ. ಭಾಳ ಮಂದಿ ತಮ್ಮ ಕಾಲ ಮ್ಯಾಲೆ ನಡಕೊಂಡ ಮನೀಗೆ ಹೋಗ್ತಾರ," ಎಂದಳು.

ನಾನು ಬಾಚಿ ಮುಗಿಸಿ ಜಡೆ ಹಾಕಿದೆ. ಅವತ್ತಿನಿಂದ ನಿಮ್ಮ ಅಜ್ಜ ದಿನಾ ನನ್ನ ಕಣ್ಣ ಮುಂದೆ ಶಿಗ್ಗಾವಿಯ ಆ ಕೋಣೆಯಿಂದ ಹೊರಗೆ ಬಂದು, ಚಪ್ಪಲಿ ಮೆಟ್ಟಿಕೊಂಡು, ಸ್ವಲ್ಪ ಕುಂಟುತ್ತ ಬಸ್ಸಿನ ಕಡೆಗೆ ನಡೆಯುತ್ತಾರೆ. ಮನೆಗೆ ಬರುತ್ತಾರೆ.

ನೀವು ನನ್ನನ್ನು ಬೈದರೂ ಸರಿ. ಅವ್ವಂದಿರಿಗೆ, ಮಾಮನಿಗೆ ತೋರಿಸಿದರೂ ಸರಿ. ಅಜ್ಜನನ್ನು ಮಾತ್ರ ಭಾರ ಎತ್ತಿ ಸತ್ತವರು ಎನ್ನಬೇಡಿ. ನನ್ನ ಸೀರೆಯ ಕಲೆಯನ್ನು ಯಾರಿಗೂ ಕಾಣಿಸದಂತೆ ಬೆನ್ನು ತಿರುಗಿಸಿ ನಿಂತವರು ಅವರು.

ಡಾಕ್ಟರು ಕೇಳಿದ ಪ್ರಶ್ನೆಗೂ ಮೊಮ್ಮಗಳು ಕೇಳಿದ ಪ್ರಶ್ನೆಗೂ ಒಂದೇ ಉತ್ತರ. ನಿನ್ನೆ ಹಿತ್ತಲಲ್ಲಿ, ಅವರ ಕಾಲು ತೊಡೆಯ ಮೇಲಿಟ್ಟುಕೊಂಡಿದ್ದ ಅದೇ ಕಲ್ಲಿನ ಮೇಲೆ ಕೂತು, ಅದನ್ನು ಬಾಯಿಬಿಟ್ಟು ಹೇಳಿ ನೋಡಿದೆ. ಹೇಳಲು ಅರ್ಧ ನಿಮಿಷ ಕೂಡ ಬೇಕಾಗಲಿಲ್ಲ.

"ಹೌದ್ರಿ ಸರ, ಚುಚ್ಚೇತಿ. ಹಾಲವಾಣದ ಮುಳ್ಳು. ಎಡಗಾಲು, ಹೆಬ್ಬೆರಳಿನ ಕೆಳಗ. ಐದು ದಿನ ಆತ್ರಿ. ನಾನ ತಗದೇನಿ. ತುದಿ ಒಳಗ ಉಳದೇತ್ರಿ."